ಮಾಳಿಗಿ ಮಾಳಮ್ಮನ ಸಾಕ್ಷಿ

ಜಾಲಿಗುಂಡದಲ್ಲಿ ಮಾಳಮ್ಮ ಹತ್ತದ ಮನೆ ಒಂದೂ ಇರಲಿಲ್ಲ. ತನ್ನ ಕೇರಿಯನ್ನು ಬಿಟ್ಟರೆ ಅವಳು ಹೊಕ್ಕ ಮನೆಯೂ ಒಂದಿರಲಿಲ್ಲ.

ತಾಂಡೂರಿನಿಂದ ಕರಣಕೋಟದ ಹಾದಿ ಹಿಡಿದರೆ ಎರಡು ಹರದಾರಿಗೆ ಸಿಗುತ್ತಿದ್ದ ಊರು ಅದು. ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ವರ್ಷಕ್ಕೊಮ್ಮೆ, ಮಿರಗದ, ಅಂದರೆ ಮೃಗಶಿರೆಯ ಮಳೆ ಕೂಡುವ ಮೊದಲು, ಆ ಮಣ್ಣನ್ನು ನೋಡಿ ತಿದ್ದುವವರು ಬೇಕು. ಆ ಕೆಲಸ ಮಾಳಮ್ಮನದು. ಹೊರಗೋಡೆಗೆ ಏಣಿ ಹಚ್ಚಿ ಹತ್ತುವಳು, ಏಣಿಯಿಂದಲೇ ಇಳಿಯುವಳು. ಗೌಡರ ಮನೆಯ ದೇವರ ಕೋಣೆಯ ಮೇಲೆ ದಿನವಿಡೀ ಕಾಲಿನಿಂದ ಮಣ್ಣು ತುಳಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಬಾಯಾರಿದೆ ಎಂದು ಅದೇ ಮನೆಯ ಹೊಸ್ತಿಲಲ್ಲಿ ಕಾಲಿಟ್ಟಿದ್ದರೆ ಊರೇ ಮೈಲಿಗೆಯಾಗುತ್ತಿತ್ತು. ತಲೆಯ ಮೇಲೆ ನಡೆಯಬಹುದು, ಹೊಸ್ತಿಲು ದಾಟಬಾರದು. ಈ ಶಾಸ್ತ್ರವನ್ನು ಮಾಡಿದವರು ತಲೆ ಎತ್ತಿ ನೋಡಿರಲಿಲ್ಲ, ಅಷ್ಟೇ.

ಗಂಡ ಮೊಗಲಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಸತ್ತ ಮೇಲೆ ಈ ವಿದ್ಯೆಯೇ ಅವಳ ಹೊಟ್ಟೆಯನ್ನೂ ಮಗಳ ಹೊಟ್ಟೆಯನ್ನೂ ತುಂಬಿಸಿತು. ವಿದ್ಯೆ ಅಂದರೆ ವಿದ್ಯೆಯೇ. ಮಾಳಿಗೆಗೆ ಎಲ್ಲ ಮಣ್ಣೂ ಆಗುವುದಿಲ್ಲ. ಎರೆಮಣ್ಣು ಬಿಸಿಲಿಗೆ ಅಂಗೈ ಅಗಲ ಬಿರಿಯುತ್ತದೆ, ನೀರು ಕುಡಿದರೆ ಎಮ್ಮೆಯಷ್ಟು ಭಾರವಾಗುತ್ತದೆ. ಬೇಕಾದದ್ದು ಕರಲು. ಹೊಳೆಯ ಆಚೆ ದಂಡೆಯಲ್ಲಿ ಹುಲ್ಲೂ ಹುಟ್ಟದ ಕಡೆ ಬೆಳ್ಳಗೆ ಬೂದಿಯಂತೆ ಬಿದ್ದಿರುವ ಉಪ್ಪುಮಣ್ಣು ಅದು. ನಾಲ್ಕು ಬೆರಳು ದಪ್ಪ ಹಾಸಿದರೆ ಮೊದಲ ಮಳೆಗೇ ಗಟ್ಟಿಯಾಗಿ, ಆಮೇಲೆ ಹನಿಯನ್ನೂ ಒಳಗೆ ಬಿಡುವುದಿಲ್ಲ. ಅದರಲ್ಲೂ ಒಳ್ಳೆಯದು ಕೆಟ್ಟದ್ದು ಇದೆ. ಮಾಳಮ್ಮ ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡುವಳು. ಚುರ್ ಎಂದರೆ ಬುಟ್ಟಿಗೆ, ಸಪ್ಪಗಿದ್ದರೆ ಥೂ ಎಂದು ಹೊಳೆಗೆ. "ಮಾಳಿಗಿ ಮಾಳಮ್ಮ ಊರಾಗ ಅನ್ನಕ್ಕಿಂತ ಮಣ್ಣೇ ಹೆಚ್ಚು ತಿಂದಾಳ" ಎಂದು ಜನ ನಗುತ್ತಿದ್ದರು. ಅದು ಅಷ್ಟೇನೂ ನಗುವ ಮಾತಾಗಿರಲಿಲ್ಲ.

ಮಾಳಿಗೆಯ ನಡುವೆ ಒಂದು ಬೆಳಕಿಂಡಿ ಇರುತ್ತದೆ. ಒಲೆಯ ಹೊಗೆ ಹೋಗಲಿಕ್ಕೆ, ಒಳಗೆ ಒಂದಿಷ್ಟು ಬೆಳಕು ಬೀಳಲಿಕ್ಕೆ ಬಿಟ್ಟ ಚೌಕನೆಯ ಕಿಂಡಿ. ಹೊಸ್ತಿಲು ದಾಟದ ಮಾಳಮ್ಮ ಆ ಕಿಂಡಿಯಿಂದಲೇ ಊರಿನ ಎಲ್ಲ ಮನೆಗಳ ಒಳಗನ್ನು ನೋಡಿದ್ದಳು. ಇದು ಹೊರಗೆ ಬಂದದ್ದು ಶಂಕ್ರೆಪ್ಪ ಗೌಡರಿಗೂ ಅವರ ತಮ್ಮ ವೈಜಿನಾಥನಿಗೂ ಪಾಲಿನ ವ್ಯಾಜ್ಯ ಬಿದ್ದಾಗ. ಒಳಮನೆಯ ಅಡ್ಡಗೋಡೆ ಎದ್ದದ್ದು ಪಾಲಿಗೆ ಮೊದಲೋ ಆಮೇಲೋ ಎಂಬುದು ಪ್ರಶ್ನೆ. ಹೊರಗಿನವರಲ್ಲಿ ಅದನ್ನು ನೋಡಿದವಳು ಇವಳೊಬ್ಬಳೇ. ತಾಂಡೂರಿನ ಕಚೇರಿಗೆ ಕರೆಸಿದರು. ಅವಳು ಗೋಡೆಯ ಕಥೆಯನ್ನು ಬುಡದಿಂದ ಶುರು ಮಾಡಿ, ಅದರ ಹಿಂದೆ ಅಡಗಿಸಿದ್ದ ತುಪ್ಪದ ಗಡಿಗೆಯವರೆಗೂ ಹೋದಾಗ ಮುನ್ಸೀಫ ಸಾಹೇಬರು ಮೇಜು ಗುದ್ದಿದರು.

"ಜಿತ್ತಾ ಪೂಛೆ ಉತ್ತಾಚ್ ಬೋಲ್ನಾ!"

ಕೇಳಿದಷ್ಟೇ ಹೇಳಬೇಕು. ನೋಡಿದಷ್ಟೇ ಹೇಳಬೇಕು. ಹೇಳಿದ ಮೇಲೆ ಬಾಯಿ ಮುಚ್ಚಬೇಕು. ಸಾಕ್ಷಿ ಎಂದರೆ ಇದು ಎಂದು ಮಾಳಮ್ಮ ಅವತ್ತು ಕಲಿತಳು. ಗೌಡರು ಅವತ್ತು ಸೋತರು. ಅಂದಿನಿಂದ ಅವಳು ಏಣಿ ಹತ್ತುವ ದಿನ ಊರಿನ ಹೆಂಗಸರು ಒಳಗಿನ ಗಡಿಗೆಗಳ ಮೇಲೆ ಬಟ್ಟೆ ಮುಚ್ಚತೊಡಗಿದರು.

ಕೇರಿಯ ಹೆಚ್ಚಿನವರ ಜತೆಯಲ್ಲಿ ಅವಳೂ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾಗಿದ್ದಳು. ಪುಸ್ತಕದಲ್ಲಿ ಮಾರ್ಥಾ ಎಂದು ಬರೆದರು. ಹಾಜರಿ ಕೂಗುವಾಗ ಪಾದ್ರಿ ತುಳಜಪ್ಪನವರು "ಮಾರ್ಥಾ" ಅನ್ನುವರು. ಮುಂದಿನ ಸಾಲಿನಲ್ಲೇ ಕೂತ ಮಾಳಮ್ಮ, ಯಾರಪ್ಪಾ ಈ ಹೆಂಗಸು, ಒಂದು ಭಾನುವಾರವೂ ಬರುವುದಿಲ್ಲವಲ್ಲ ಎಂದು ತಾನೂ ಹಿಂದೆ ತಿರುಗಿ ನೋಡುವಳು. ಹೀಗೆ ಏಳು ವರ್ಷ ಅವಳು ಗೈರುಹಾಜರಿ. ಪ್ರಾರ್ಥನೆ ನಡೆಯುವ ದೇವರ ಮನೆಯ ಮಾಳಿಗೆಗೆ ಮಾತ್ರ ಪ್ರತಿ ವರ್ಷ ಮೊದಲ ಬುಟ್ಟಿ ಕರಲು ಅವಳದೇ, ಕೂಲಿಯಿಲ್ಲದೆ. ಅದಕ್ಕೆ ಯಾವ ಪುಸ್ತಕವೂ ಇರಲಿಲ್ಲ.

ನಿಜಾಮರ ಲೆಕ್ಕದ ಫಸಲಿ ೧೩೪೭ರ ಬೇಸಿಗೆಯಲ್ಲಿ ಅವಳಿಗೆ ಇದ್ದ ಚಿಂತೆ ಒಂದೇ. ಧಾರೂರಿಗೆ ಕೊಟ್ಟ ಮಗಳು ಎಲ್ಲಮ್ಮ ಬಸುರಿ. ಹಿಂದಿನ ವರ್ಷ ಅವಳ ಚೊಚ್ಚಲ ಕೂಸು ಗಂಡನ ಮನೆಯ ಸೋರುವ ಮೂಲೆಯಲ್ಲಿ ಹುಟ್ಟಿ, ಒಂಬತ್ತನೆಯ ದಿನ ಒದ್ದೆ ಕೌದಿಯಲ್ಲೇ ತಣ್ಣಗಾಗಿತ್ತು. ಊರವರ ಮಾಳಿಗೆ ತಿದ್ದುವವಳ ಮೊಮ್ಮಗ ಸೂರು ಸೋರಿ ಸತ್ತ ಎಂದು ಮಾಳಮ್ಮ ಎದೆ ಎದೆ ಬಡಿದುಕೊಂಡು ಅತ್ತಿದ್ದಳು. ಈ ಸಲದ ಹೆರಿಗೆ ತವರಿನಲ್ಲಿ. ದಿನ ತುಂಬುವುದು ಸರಿಯಾಗಿ ಮಿರಗ ಕೂಡುವ ಹೊತ್ತಿಗೆ. ಒಂದು ಹನಿ ಒಳಗೆ ಬೀಳಬಾರದು.

ಅದಕ್ಕೇ ಅವಳು ತನ್ನ ಮಾಳಿಗೆಯನ್ನು ತೇಪೆ ಹಾಕದೆ ಬುಡಸಹಿತ ಹೊಸದು ಮಾಡಲು ಹೊರಟಳು. ಹಳೆಯ ಮಣ್ಣನ್ನೆಲ್ಲ ಕೆತ್ತಿ ಚೆಲ್ಲಿ, ಜಂತಿಗಳನ್ನು ಬೋಳು ಮಾಡಿ, ಗೆದ್ದಲು ಸಾಯಲೆಂದು ಎಂಟು ದಿನ ಬಿಸಿಲಿಗೆ ಬಿಟ್ಟಳು. ಒಂದು ತಿಂಗಳಿಂದ ಹೊತ್ತು, ಚಿಟಿಕೆ ಚಿಟಿಕೆ ರುಚಿ ನೋಡಿ ತಂದ ಅರವತ್ತು ಬುಟ್ಟಿ ಕರಲನ್ನು ಅಂಗಳದಲ್ಲಿ ಗುಡ್ಡೆ ಹಾಕಿದಳು. ಆಮೇಲೆ ಮಗಳನ್ನು ಕರೆತರಲು ಧಾರೂರಿಗೆ ಹೋದಳು.

ಅದೇ ವಾರ ಶಾಂತಪ್ಪನಿಗೆ ಒಬ್ಬ ಬಡವ ಬೇಕಾಗಿದ್ದ.

ಶಾಂತಪ್ಪ ಕೇರಿಯ ಮೊದಲ ಮಿಡಲ್ ಪಾಸ್. ಆರನೆಯ ವಯಸ್ಸಿನಿಂದ ಮಿಷನ್ ಬೋರ್ಡಿಂಗಿನ ಹಂಚಿನ ಸೂರಿನ ಕೆಳಗೆ ಬೆಳೆದವನು, ಈಗ ಊರಿಗೆ ಬಂದು ಯುವಕ ಸಂಘದ ಕಾರ್ಯದರ್ಶಿಯಾಗಿದ್ದ. ಬರುವ ಭಾನುವಾರ ಮಿಷನ್ನಿನ ದೊಡ್ಡ ಪಾದ್ರಿ, ಬಿಳಿಯ ದೊರೆಗಳು, ಮೋಟಾರಿನಲ್ಲಿ ಬರುವವರಿದ್ದರು. ಯುವಕರು ಒಬ್ಬ ದಿಕ್ಕಿಲ್ಲದವರ ಮನೆಯನ್ನು ದುರಸ್ತಿ ಮಾಡಿ ತೋರಿಸಬೇಕು, ಮನೆಯವರು ಸಭೆಯಲ್ಲಿ ಎದ್ದು ನಿಂತು ಆದ ಉಪಕಾರಕ್ಕೆ ಸಾಕ್ಷಿ ಹೇಳಬೇಕು, ಮೆಚ್ಚಿಗೆಯಾದರೆ ಶಾಂತಪ್ಪನಿಗೆ ಶಾಲೆಯ ಮಾಸ್ತರಿಕೆ ಎಂದು ಕಾಗದ ಬಂದಿತ್ತು. ಕೇರಿಯಲ್ಲಿ ಬಡವರಿಗೇನು ಬರವೇ? ಆದರೆ ಬಡವರೆಂದು ಬರೆಸಿಕೊಳ್ಳುವವರು ಬೇಕಲ್ಲ. "ನಮ್ಮ ಮನಿಗೇನಾಗೇದ? ನಿಮ್ಮಪ್ಪನ ಮನಿ ನೋಡ್ಕೋ ಮೊದ್ಲ" ಎಂದು ಎಲ್ಲರೂ ಅಟ್ಟಿದರು. ತಿರುಗಿ ತಿರುಗಿ ಸಾಕಾಗಿ ಬಂದವನಿಗೆ ಮಾಳಮ್ಮನ ಮನೆ ಕಂಡಿತು. ಸೂರೇ ಇಲ್ಲ! ಎಲುಬು ಎದ್ದಂತೆ ಬರೀ ಜಂತಿ. ಅಂಗಳದಲ್ಲಿ ಬೂದಿಯ ತಿಪ್ಪೆ. ಬೀಗ ಹಾಕಿದ ಮನೆ ಬೇಡ ಎಂದು ಬಾಯಿ ಬಿಡುವುದಿಲ್ಲ. ಶಾಂತಪ್ಪನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಬೋರ್ಡಿಂಗಿನಿಂದ ರಜೆಗೆ ಬಂದ ಹನ್ನೆರಡು ಹುಡುಗರು ಮೂರು ದಿನ ಮುರಿದು ದುಡಿದರು. ಅದನ್ನು ಅಲ್ಲಗಳೆಯುವಂತಿಲ್ಲ. ಬಡವಳಿಗೆ ಕೊಡುವುದಾದರೆ ಒಳ್ಳೆಯದನ್ನೇ ಕೊಡಬೇಕು, ಬೆಳೆ ಬರುವ ಮಣ್ಣಿಗಿಂತ ಒಳ್ಳೆಯ ಮಣ್ಣುಂಟೇ ಎಂದು ಶಾಂತಪ್ಪ ಶಂಕ್ರೆಪ್ಪ ಗೌಡರನ್ನು ಎರೆಮಣ್ಣು ಬೇಡಿದ. ಗೌಡರಿಗೆ ಜೋಳ ತುಂಬಿಡುವ ಹಗೇವಿಗೆಂದು ಒಂದು ಆಳುದ್ದ ಕುಣಿ ತೋಡಿಸುವುದಿತ್ತು.

"ಒಯ್ಯಿರೋ ತಮ್ಮಗಳಿರಾ, ಪುಣ್ಯದ ಕೆಲಸ. ಇಲ್ಲೇ ತೋಡ್ರಿ. ಮೂಲಿ ಮಾತ್ರ ನೆಟ್ಟಗ ಇರಲಿ" ಎಂದರು ಗೌಡರು, ಮೀಸೆಯಲ್ಲೇ ನಗುತ್ತ. ಸಾಕ್ಷಿಯ ಸಿಟ್ಟು ಇನ್ನೂ ಆರಿರಲಿಲ್ಲ.

ಕಟ್ಟಿಗೆ, ಸೊಪ್ಪು ಹಾಸಿ ಎರೆಮಣ್ಣನ್ನು ಮಾಳಿಗೆಗೆ ಏರಿಸಿದರು. ನಡುವೆ ಒಂದು ದೊಡ್ಡ ತೂತು ಕಂಡಿತು. ಅಯ್ಯೋ, ಮುದುಕಿ ಇದರ ಕೆಳಗೇ ಮಲಗುತ್ತಿದ್ದಳಲ್ಲ ಎಂದು ಮರುಗಿ, ಹಲಗೆ ಹಾಕಿ ಅದನ್ನೂ ಮುಚ್ಚಿದರು. ಬೆಳಕಿಂಡಿ ಹೋಯಿತು. ಉಳಿದದ್ದು ಅಂಗಳದ ತಿಪ್ಪೆ. ಕೇರಿಯ ಹಾದಿಯಲ್ಲಿ ಗಾಡಿ ಹೂತುಕೊಳ್ಳುವ ತಗ್ಗೊಂದಿತ್ತು, ದೊರೆಗಳ ಮೋಟಾರು ದಾಟಬೇಕು. ಅರವತ್ತು ಬುಟ್ಟಿ ಕರಲು ತಗ್ಗಿಗೆ ಬಿತ್ತು. ಪಕ್ಕದ ಮನೆಯ ಸಾಬಮ್ಮ "ಏ ಹುಚ್ಚಪ್ಪಗಳಿರಾ, ಅದು ಮಾಳಿಗಿ ಮಣ್ಣೋ" ಎಂದು ಕೂಗಿದಳು. ಆದರೆ ಹುಡುಗರು ಆಗ ಕೂಡಿ ಹಾಡುತ್ತಿದ್ದರು.

ಶನಿವಾರ ಸಂಜೆ ಮಾಳಮ್ಮ ಮಗಳೊಂದಿಗೆ ಗಾಡಿಯಿಂದ ಇಳಿದಾಗ ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟಿತ್ತು. ಬದಿಗೆ ನುಣುಪಾದ ಫರಸಿ ಕಲ್ಲೊಂದು, ಮೇಲೆ ಅಕ್ಷರ. ಶಾಂತಪ್ಪ ಓದಿ ಹೇಳಿದ: "ದಿಕ್ಕಿಲ್ಲದ ವಿಧವೆ ಮಾರ್ಥಾಳ ಈ ಮನೆಯನ್ನು ಯುವಕ ಸಂಘವು ದುರಸ್ತಿ ಮಾಡಿತು."

"ಮಾರ್ಥಾನ ಮನಿಗೆ ಮಾಡ್ರಿ, ನಂಗೇನು? ನನ್ನ ಮನಿಗ್ಯಾಕ ಕಲ್ಲು ತಂದೀರಿ?" ಎಂದಳು ಮಾಳಮ್ಮ.

ಆಮೇಲೆ ಏಣಿ ಹತ್ತಿದಳು. ಕೆಳಗೆ ಎಲ್ಲರೂ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಅವಳು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿದಳು. ಸಪ್ಪಗೆ, ಜೋಳದ ಹೊಲದ ರುಚಿ. ಬೆಳಕಿಂಡಿ ಇದ್ದ ಜಾಗದಲ್ಲಿ ಕಾಲಿನಿಂದ ತಡವಿ ನೋಡಿದಳು. ಅಂಗಳದ ಕಡೆ ನೋಡಿದಳು. ಮಿರಗಕ್ಕೆ ಐದು ದಿನ.

"ನನ್ನ ಗುಡ್ಡಿ ಎಲ್ಲದಪಾ?"

ಶಾಂತಪ್ಪ ಹೆಮ್ಮೆಯಿಂದ ಹಾದಿ ತೋರಿಸಿದ. "ಒಂದು ಕಸಾನೂ ಬಿಟ್ಟಿಲ್ಲ ನೋಡು ಅತ್ತಿ."

ಮಾಳಮ್ಮ ಹಾದಿಯ ತಗ್ಗಿನ ಕಡೆ ಒಮ್ಮೆ ನೋಡಿದಳು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಬಲ್ಲವಳು, ತುಟಿ ಕಚ್ಚಿಕೊಂಡು ಇಳಿದಳು. "ನಾಳಿ ನಾ ಸಾಕ್ಷಿ ಹೇಳ್ಬೇಕೇನು?" ಎಂದಷ್ಟೇ ಕೇಳಿದಳು.

"ಹೌದತ್ತಿ. ಇದ್ದದ್ದು ಇದ್ದಂಗ ಹೇಳಿದ್ರ ಸಾಕು."

"ಹೇಳ್ತೀನಿ" ಎಂದಳು ಮಾಳಮ್ಮ.

ಒಳಗೆ ಒಲೆ ಹೊತ್ತಿಸಿದರೆ ಹೊಗೆ ಹೋಗಲು ಹಾದಿಯಿಲ್ಲದೆ ಬಸುರಿ ಕೆಮ್ಮತೊಡಗಿದಳು. ತಾಯಿ ಮಗಳು ಅಂಗಳದಲ್ಲಿ ಕಲ್ಲು ಹೂಡಿ ಅಡುಗೆ ಮಾಡಿದರು. "ಹೋಗ್ಲಿ ಬಿಡವ್ವ, ತಿಳೀದೆ ಮಾಡ್ಯಾರ, ಪಾಪ" ಎಂದಳು ಎಲ್ಲಮ್ಮ.

"ಪಾಪಕ್ಕ ಮಾಫಿ ಅದಬೇ, ಮಾಳಿಗಿಗೆ ಇಲ್ಲ" ಎಂದಳು ತಾಯಿ. ನಾಳೆ ದೊರೆಯ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳುವುದೇ ಸೈ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಅಷ್ಟರಲ್ಲಿ ಸಾಬಮ್ಮ ಶಾಂತಪ್ಪನನ್ನು ಹಿಡಿದು ನಿಲ್ಲಿಸಿ, ಅವನು ಮೂರು ದಿನದಲ್ಲಿ ಮಾಡಿದ ಪುಣ್ಯವೇನೆಂಬುದನ್ನು ಬಿಡಿಸಿ ಹೇಳಿಯಾಗಿತ್ತು. ಅವತ್ತು ಅವನು ಊಟ ಮಾಡಲಿಲ್ಲವಂತೆ.

ಭಾನುವಾರ ಮೋಟಾರು ತಗ್ಗನ್ನು ನೀರು ಕುಡಿದಷ್ಟು ಸಲೀಸಾಗಿ ದಾಟಿತು. "ಎಂಥ ಉತ್ತಮವಾದ ಮಾರ್ಗವು!" ಎಂದು ದೊಡ್ಡ ಪಾದ್ರಿ ಇಳಿಯುತ್ತಲೇ ಹೊಗಳಿದರು. ಅವರ ಕನ್ನಡ ಪುಸ್ತಕದಿಂದ ಕಲಿತದ್ದು, ಮಡಿಕೆ ಬಿಚ್ಚದ ಅಂಗಿಯಂತಿತ್ತು. ಪ್ರಾರ್ಥನೆಯಾಯಿತು, ಹಾಡಾಯಿತು. ಮಾಳಮ್ಮನನ್ನು ಎದ್ದು ನಿಲ್ಲಿಸಿದರು. ಶಾಂತಪ್ಪ ಮಾಲೆ ಕೊಡಲು ಬಂದ. ಕೊಡುವಾಗ ಅವನ ಅಂಗೈ ಕಂಡಿತು. ಎರಡೂ ಕೈ ಬೊಕ್ಕೆಯೆದ್ದು ಒಡೆದು, ಹಸಿ ಮಾಂಸ ಕಾಣುತ್ತಿತ್ತು. ಪುಸ್ತಕ ಬಿಟ್ಟರೆ ಏನೂ ಹಿಡಿಯದ ಕೈ. ಅವನು ಅವಳ ಮುಖ ನೋಡದೆ ಮಾಲೆಯನ್ನು ಅವಳ ಕೈಗಿಟ್ಟ. ಹುಡುಗನಿಗೆ ಗೊತ್ತಾಗಿದೆ ಎಂದು ಅವಳಿಗೂ ಗೊತ್ತಾಯಿತು. ಹಾಳಾದ್ದು, ಅವಳ ಕರುಳು ಚುರ್ ಎಂದಿತು.

"ಓ ಸಹೋದರಿಯೇ," ಎಂದರು ದೊರೆ, "ನೀನು ಸಾಕ್ಷಿ ನುಡಿಯುವೆಯೋ?"

"ಕೇಳ್ರಿ. ಕೇಳಿದಷ್ಟು ಹೇಳ್ತೀನಿ."

ಹೀಗೆ ಸಾಕ್ಷಿ ಹೇಳುವವರನ್ನು ದೊರೆ ಕಂಡಿರಲಿಲ್ಲ. ಆದರೂ ಕೇಳಿದರು. "ಈ ಯೌವನಸ್ಥರು ನಿನ್ನ ಗೃಹದ ಮೇಲೆ ಮಣ್ಣು ಹಾಕಿದರೋ?"

"ಹಾಕೋದು ನೋಡಿಲ್ರಿ. ಹಾಕಿದ್ದು ನೋಡೀನಿ."

"ಅದು ಒಳ್ಳೆಯ ಮಣ್ಣೋ?"

"ಗೌಡರ ಹೊಲದ್ದು. ಅಂಥಾ ಮಣ್ಣು ಈ ಊರಾಗ ಯಾರ ಮಾಳಿಗಿ ಮ್ಯಾಲೂ ಇಲ್ರಿ."

"ಗೃಹದಲ್ಲಿ ರಂಧ್ರಗಳೇನಾದರೂ ಉಳಿದಿವೆಯೋ?"

"ಇದ್ದದ್ದು ಒಂದೇ ರೀ. ಅದನ್ನೂ ಮುಚ್ಯಾರ."

"ಕೂಲಿಯನ್ನು ಕೇಳಿದರೋ?"

"ಇಲ್ರಿ. ಅಂಗಳ ಸೈತ ಬಳದು ಕೊಟ್ಟಾರ. ನೀವು ಬಂದ ಹಾದ್ಯಾಗ ನಂದೂ ಪಾಲದ."

ಹಿಂದಿನ ಸಾಲಿನಲ್ಲಿ ಸಾಬಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ತುಳಜಪ್ಪ ಪಾದ್ರಿಗಳು ಸೂರನ್ನೇ ನೋಡುತ್ತಿದ್ದರು. ಶಾಂತಪ್ಪ ನೆಲ ನೋಡುತ್ತಿದ್ದ. ಸೋರುತ್ತದೋ ಇಲ್ಲವೋ ಎಂಬ ಒಂದು ಪ್ರಶ್ನೆ ಮಾತ್ರ ಬಾಕಿ ಇತ್ತು. ಅದನ್ನು ದೊರೆ ಕೇಳಲಿಲ್ಲ. ಅವರು ಕಣ್ಣೊರೆಸಿಕೊಳ್ಳುತ್ತ, "ಇನ್ನು ನಿನಗೆ ಬೇಕಾದದ್ದು ಏನಾದರೂ ಉಂಟೋ?" ಎಂದರು.

ಕೇಳಿಯೇ ಬಿಟ್ಟರಲ್ಲ. ಇನ್ನು ಹೇಳದಿದ್ದರೆ ಮುನ್ಸೀಫ ಸಾಹೇಬರಿಗೆ ಅವಮಾನ.

"ಅದರಿ. ಈ ಹುಡುಗರನ್ನ ಇನ್ನೂ ಮೂರು ದಿನ ನನಗ ಬಿಡ್ರಿ."

ಸಭೆಯೆಲ್ಲ ಆಹಾ ಎಂದಿತು. ಮಾಡಿದ ಉಪಕಾರಕ್ಕೆ ಇಷ್ಟು ಮಮತೆ! ದೊರೆ ಡೈರಿಯಲ್ಲಿ ಬರೆದುಕೊಂಡರು. ಹುಡುಗರನ್ನು ಬಿಟ್ಟರು, ಶಾಂತಪ್ಪನಿಗೆ ಮಾಸ್ತರಿಕೆಯನ್ನೂ ಕೊಟ್ಟು ಮೋಟಾರು ಹತ್ತಿದರು.

ಸೋಮವಾರ ಹೊತ್ತು ಹುಟ್ಟುವಾಗ ಶಾಂತಪ್ಪ ಸಲಿಕೆ ಹಿಡಿದು ಬಾಗಿಲಲ್ಲಿದ್ದ. ಏನೋ ಹೇಳಲು ಬಾಯಿ ತೆರೆದ. "ಪ್ರಸಂಗ ಆಮ್ಯಾಲ ಮಾಡು. ಮೊದ್ಲ ಕೈಗೆ ಅರಿವಿ ಸುತ್ಕೋ" ಎಂದಳು ಮಾಳಮ್ಮ. ಮೊದಲ ದಿನ ಎರೆಮಣ್ಣು ಇಳಿಯಿತು, ಬೆಳಕಿಂಡಿ ತೆರೆಯಿತು. ಎರಡನೆಯ ದಿನ ಹಾದಿಯನ್ನು ಅಗೆದು ಕರಲನ್ನು ಮೇಲೆತ್ತಿದರು. ಸಗಣಿ ಕಲೆತದ್ದು, ಮೋಟಾರಿನ ಎಣ್ಣೆ ಕುಡಿದದ್ದು ಹೋಗಿ ಮೂವತ್ತೈದು ಬುಟ್ಟಿ ಸಿಕ್ಕಿತು. ಉಳಿದದ್ದನ್ನು ಹೊಳೆಯ ಆಚೆ ದಂಡೆಯಿಂದ ತರಬೇಕು. ಅಲ್ಲಿ ಅವಳು ಹನ್ನೆರಡು ಹುಡುಗರನ್ನು ಸಾಲಾಗಿ ಕೂರಿಸಿ ನಾಲಿಗೆ ಚಾಚಿಸಿದಳು.

"ಹ್ಯಾಂಗದ?"

"ಉಪ್ಪಗ ಅದ ಅತ್ತಿ."

"ಚುರ್ ಅಂತೋ ಇಲ್ಲೋ?"

"ಇಲ್ಲ."

"ಹಂಗಾದ್ರ ಥೂ ಅನ್ನು."

ಮಿಡಲ್ ಪಾಸಾದ ಶಾಂತಪ್ಪ ಮೂರನೆಯ ದಿನ ಮಣ್ಣಿನ ಪರೀಕ್ಷೆಯಲ್ಲೂ ಪಾಸಾದ.

ಗುರುವಾರ ಮಿರಗ ಕೂಡಿತು. ಶುಕ್ರವಾರ ಮಧ್ಯಾಹ್ನ ಎಲ್ಲಮ್ಮನಿಗೆ ಬೇನೆ, ಆಕಾಶಕ್ಕೂ ಬೇನೆ. ಬೆಳಕಿಂಡಿಗೆ ಮುಚ್ಚಲು ಚಪ್ಪಟೆ ಕಲ್ಲು ಬೇಕಾಗಿತ್ತು. ಬಾಗಿಲ ಬದಿಯ ಫರಸಿ ಅಳತೆಗೆ ಹೇಳಿ ಮಾಡಿಸಿದಂತಿತ್ತು. ಮಾಳಮ್ಮ ಕೆಳಗಿನಿಂದ ಎತ್ತಿ ಕೊಟ್ಟಳು, ಶಾಂತಪ್ಪ ಮೇಲೆ ಕೂತು ಹೊಗೆಗೆ ಸಂದು ಬಿಟ್ಟು ಮುಚ್ಚಿದ. ಅಕ್ಷರಗಳು ಆಕಾಶದ ಕಡೆಗಿದ್ದವು, ಓದುವವನು ಓದಿಕೊಳ್ಳಲಿ ಎಂಬಂತೆ. ಮಳೆ ಎರಡು ತಾಸು ಹೊಡೆಯಿತು. ಮಾಳಮ್ಮ ಆಗಷ್ಟೇ ಹುಟ್ಟಿದ ಮೊಮ್ಮಗಳನ್ನು ಎತ್ತಿಕೊಂಡು ಮೂಲೆ ಮೂಲೆಗೂ ಹೋಗಿ ಗೋಡೆ ಮುಟ್ಟಿ ನೋಡಿದಳು. ಎಲ್ಲ ಒಣಗಿಯೇ ಇತ್ತು. ಒದ್ದೆಯಾದದ್ದು ಅವಳ ಕೆನ್ನೆ ಮಾತ್ರ.

ಮರುವರ್ಷ ದೊರೆಗಳ ಮೋಟಾರು ಕೇರಿಯ ತಗ್ಗಿನಲ್ಲಿ ಗಾಲಿಯವರೆಗೆ ಹೂತಿತು. "ಹಿಂದೆ ಉತ್ತಮವಾದ ಮಾರ್ಗವಿತ್ತಲ್ಲ, ಅದು ಎಲ್ಲಿ ಹೋಯಿತು?" ಎಂದು ಕೇಳಿದರು. ಹನ್ನೆರಡು ಹುಡುಗರೂ ಒಂದೇ ಸಲ ಮೇಲೆ ನೋಡಿದರು. ದೊರೆ ಅದನ್ನು ಪ್ರಾರ್ಥನೆ ಎಂದುಕೊಂಡರು.

ಒಂಬತ್ತು ವರ್ಷ ಕಳೆದು, ಫಸಲಿ ೧೩೫೬ರ ಬೇಸಿಗೆಯಲ್ಲಿ ಮಾಳಮ್ಮ ತೀರಿಕೊಂಡಳು. ಊರಿನ ಎಲ್ಲ ಮನೆಗಳವರೂ ಬಂದರು, ಗೌಡರ ಮನೆಯವರು ಸಹ ಕೇರಿಯ ಅಂಚಿನವರೆಗೆ ಬಂದು ನಿಂತರು. ಕುಣಿ ತೋಡಿಯಾಗಿತ್ತು, ಮಣ್ಣು ಕೊಟ್ಟಾಗಿತ್ತು. ಮೇಲೆ ದಿಬ್ಬ ಕಟ್ಟಬೇಕು. ಹುಡುಗರು ಕರಲು ಹೊತ್ತು ತಂದಿದ್ದರು. ಶಾಂತಪ್ಪ ಮಾಸ್ತರು ಬಾಗಿ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ, ಎಲ್ಲರೆದುರಿಗೆ ಥೂ ಎಂದು ಉಗುಳಿದ.

ಹೊಸದಾಗಿ ಬಂದ ಪಾದ್ರಿಗೆ ಗಾಬರಿಯಾಯಿತು. "ಮಾಸ್ತರೇ, ಬಿಸಿಲು ಏರಿತು. ಗೋರಿಗೆ ಯಾವ ಮಣ್ಣಾದರೇನು?"

"ಇದು ಸಪ್ಪಗದರಿ" ಎಂದ ಶಾಂತಪ್ಪ. ಹುಡುಗರ ಕಡೆ ತಿರುಗಿದ. "ಹೊಳಿ ಆಚಿ ದಂಡಿಗಿ ಹೋಗ್ರೋ. ಚುರ್ ಅನ್ನೋದು ಸಿಗೋತನ ಬರಬ್ಯಾಡ್ರಿ. ನಾಕು ದಿನಕ್ಕ ಮಿರಗ ಕೂಡ್ತದ, ಆಕಿ ಮ್ಯಾಲ ಹನಿ ಬೀಳಬಾರದು."

ಹುಡುಗರು ಬುಟ್ಟಿ ಎತ್ತಿಕೊಂಡು ಹೊಳೆಯ ಕಡೆ ಹೊರಟರು. ಉಳಿದವರೆಲ್ಲ ಬಿಸಿಲಲ್ಲಿ ಕಾದು ನಿಂತರು.